ಕೊರಳಿಗೊಂದು ದುಂಡು ಮಫ್ಲರ್



ಇನ್ನೂ ಬೆಳಕು ಹರಿದಿಲ್ಲ. ಮಾರಿಕುಪ್ಪಂ ನಿಲ್ದಾಣದಿಂದ ರೈಲು ಹೊರಡುತ್ತದೆ. ಚಾಂಪಿಯನ್, ಉರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆಗೆ ಬರುತ್ತದೆ. ಅಲ್ಲಿಂದ ಬೆಂಗಳೂರಿಗೆ ಹೋಗುತ್ತದೆ. ರೈಲಿನ ತುಂಬ ಕೆಲಸಕ್ಕೆ ಹೋಗುವ ಜನ. ನಮ್ಮ ಮನೆಯವರು, ನಮ್ಮ ಮಕ್ಕಳು, ಕೆಲವರಂತೂ ನಾವೇ.

ಕೆ.ಜಿ.ಎಫ್. ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಆ ಗಣಿಯ ಆಳ 3 ಕಿಲೋಮೀಟರ್ ದಾಟಿತ್ತು. ಅಷ್ಟು ಕೆಳಗೆ ಬಂಡೆಯೇ ಬಿಸಿ. ತಾತಂದಿರು ಆ ಸೆಕೆಯಲ್ಲಿ ದುಡಿದರು. ಮೊಮ್ಮಕ್ಕಳು ಈಗ ಚಳಿಯಲ್ಲಿ ರೈಲು ಹಿಡಿಯುತ್ತಾರೆ.

ನಮ್ಮ ಊರು ಸಮುದ್ರ ಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿದೆ. ದೀಪಾವಳಿ ಕಳೆದರೆ ಚಳಿ ಶುರು. ಕಿಟಕಿಯ ಗಾಳಿ ನೇರ ಕೊರಳಿಗೆ ಹೊಡೆಯುತ್ತದೆ. ಆ ಕೊರಳಿಗೆ ಒಂದು ಬಣ್ಣಬಣ್ಣದ ದುಂಡು ಮಫ್ಲರ್ ಹೆಣೆಯೋಣ ಬನ್ನಿ.

ದುಂಡಗೆ ಯಾಕೆ?

“ಉದ್ದ ಮಫ್ಲರ್ ಇದೆಯಲ್ಲ, ದುಂಡಗೆ ಯಾಕೆ?” ಅಂತ ಕೇಳಬಹುದು.

ಉದ್ದ ಮಫ್ಲರಿಗೆ ಎರಡು ತುದಿ. ತುದಿ ಜಾರುತ್ತದೆ. ಸ್ಕೂಟರ್ ಹಿಂದೆ ಕೂತಾಗ ಚಕ್ರಕ್ಕೆ ಸಿಕ್ಕಿಕೊಳ್ಳಬಹುದು. ಸೆರಗು, ವೇಲು ಹೀಗೆ ಸಿಕ್ಕಿ ಪ್ರಾಣವೇ ಹೋದದ್ದು ನಾವು ಕೇಳಿದ್ದೇವೆ. ಕಾರ್ಖಾನೆಯ ಯಂತ್ರದ ಹತ್ತಿರವೂ ಇದೇ ಭಯ. ದುಂಡು ಮಫ್ಲರಿಗೆ ತುದಿಯೇ ಇಲ್ಲ. ಸಿಂಬಿಯ ಹಾಗೆ ದುಂಡಗಿರುತ್ತದೆ. ತಲೆಯ ಮೇಲಿಂದ ಹಾಕಿಕೊಂಡರೆ ಆಯಿತು.

ನೇಯ್ಗೆ ಬೇರೆ, ಹೆಣಿಗೆ ಬೇರೆ

ಕಂಬಳಿಯನ್ನು ಮಗ್ಗದಲ್ಲಿ ನೇಯುತ್ತಾರೆ. ಅದಕ್ಕೆ ಹಾಸು ಬೇಕು, ಹೊಕ್ಕು ಬೇಕು. ಹೆಣಿಗೆಗೆ ಒಂದೇ ದಾರ ಸಾಕು. ಒಂದು ಕುಣಿಕೆಯ ಒಳಗಿಂದ ಇನ್ನೊಂದು ಕುಣಿಕೆ ಎಳೆಯುತ್ತಾ ಹೋಗುತ್ತೇವೆ. ಅದಕ್ಕೇ ಹೆಣೆದ ಬಟ್ಟೆ ಹಿಗ್ಗುತ್ತದೆ. ಕುಣಿಕೆಗಳ ನಡುವೆ ಗಾಳಿ ನಿಲ್ಲುತ್ತದೆ. ಮೈಯ ಶಾಖ ಆ ಗಾಳಿಯಲ್ಲಿ ಉಳಿಯುತ್ತದೆ. ಹಾಗಾಗಿ ಬೆಚ್ಚಗೆ.

ಕುಣಿಕೆ ಎರಡು ಬಗೆ. ದಾರವನ್ನು ಹಿಂದೆ ಇಟ್ಟು ಹೆಣೆದರೆ ಸೀದಾ. ದಾರವನ್ನು ಮುಂದೆ ಇಟ್ಟು ಹೆಣೆದರೆ ಉಲ್ಟಾ. ಇವೆರಡನ್ನೂ ಸ್ವೆಟರ್ ಹೆಣೆಯುವ ಯಾರಾದರೂ ಅಕ್ಕನ ಪಕ್ಕ ಕೂತು ಕಲಿಯಿರಿ. ಒಂದು ಸಂಜೆ ಸಾಕು.

ಸ್ವೆಟರಿನ ತುಂಡು ಹೆಣೆಯುವಾಗ ಒಂದು ಸಾಲು ಸೀದಾ, ತಿರುಗಿಸಿ ಒಂದು ಸಾಲು ಉಲ್ಟಾ. ದುಂಡಗೆ ಹೆಣೆಯುವಾಗ ತಿರುಗಿಸುವುದೇ ಇಲ್ಲ. ಹೊರಮೈ ಯಾವಾಗಲೂ ನಮ್ಮ ಕಡೆಗೇ ಇರುತ್ತದೆ. ಅದಕ್ಕೇ ಬರೀ ಸೀದಾ ಹೆಣೆದರೂ ನಯವಾದ ಬಟ್ಟೆ ಬರುತ್ತದೆ. ಕೊನೆಯಲ್ಲಿ ಹೊಲಿಗೆಯೂ ಬೇಡ.

ಬೇಕಾದ ಸಾಮಾನು

• 8 ನಂಬರಿನ, ಅಂದರೆ 4 ಮಿಲಿಮೀಟರ್ ದಪ್ಪದ ದುಂಡು ಕಡ್ಡಿ. ಇದರಲ್ಲಿ ಎರಡು ಚಿಕ್ಕ ಕಡ್ಡಿಗಳ ನಡುವೆ ಬಳುಕುವ ವಯರು ಇರುತ್ತದೆ. ಒಟ್ಟು ಉದ್ದ 40 ಸೆಂಟಿಮೀಟರ್ ಇರಲಿ. ಉದ್ದ ಜಾಸ್ತಿಯಾದರೆ ಕುಣಿಕೆಗಳು ಸುತ್ತಲೂ ಮುಟ್ಟುವುದಿಲ್ಲ.
• ಮಧ್ಯಮ ದಪ್ಪದ ಉಲ್ಲನ್ ದಾರ, 5 ಬಣ್ಣ. ಅಂಚಿಗೆ ಬರುವ 2 ಬಣ್ಣ 30 ಗ್ರಾಂ. ಉಳಿದ 3 ಬಣ್ಣ 20 ಗ್ರಾಂ. ಹಳೆ ಸ್ವೆಟರ್ ಬಿಚ್ಚಿದ ದಾರವೂ ಆಗುತ್ತದೆ. ಆದರೆ ಐದೂ ಒಂದೇ ದಪ್ಪ ಇರಬೇಕು.
• ಅಳತೆ ಟೇಪು, ದಪ್ಪ ಸೂಜಿ, ಕತ್ತರಿ, ಒಂದು ಪೆನ್ಸಿಲ್, ಒಂದು ಚೀಟಿ.

ಬಣ್ಣ ಯಾವುದು? ದೀಪಾವಳಿ ಹೊತ್ತಿಗೆ ಹೊಲದ ಕಡೆ ನೋಡಿ. ರಾಗಿಯ ಕಂದು, ಚೆಂಡುಹೂವಿನ ಹಳದಿ, ಕನಕಾಂಬರದ ಬಣ್ಣ, ಅವರೆಕಾಯಿ ಹಸಿರು, ಟೊಮೆಟೊ ಕೆಂಪು. ಐದು ಬಣ್ಣ ಸಿಕ್ಕಿತಲ್ಲ!

ಮೊದಲು ಲೆಕ್ಕ, ಆಮೇಲೆ ಕೆಲಸ

ಮೊದಲು ಒಂದು ಚಿಕ್ಕ ತುಂಡು ಹೆಣೆಯಿರಿ. 24 ಕುಣಿಕೆ ಹಾಕಿ. 30 ಸಾಲು ಹೆಣೆಯಿರಿ. ನಡುವೆ ಟೇಪು ಇಟ್ಟು 10 ಸೆಂಟಿಮೀಟರಿಗೆ ಎಷ್ಟು ಕುಣಿಕೆ ಎಂದು ಎಣಿಸಿ.

ದೊಡ್ಡವರಿಗೆ ಮಫ್ಲರಿನ ಸುತ್ತಳತೆ 60 ಸೆಂಟಿಮೀಟರ್ ಬೇಕು. 60ರಲ್ಲಿ 10 ಆರು ಸಲ ಇದೆ. ಆದ್ದರಿಂದ ನಿಮ್ಮ ಎಣಿಕೆಯನ್ನು 6ರಿಂದ ಗುಣಿಸಿ.

18 ಬಂದರೆ 18 × 6 = 108 ಕುಣಿಕೆ
20 ಬಂದರೆ 20 × 6 = 120 ಕುಣಿಕೆ
22 ಬಂದರೆ 22 × 6 = 132 ಕುಣಿಕೆ

ಒಬ್ಬೊಬ್ಬರ ಕೈ ಒಂದೊಂದು ಥರ. ಒಬ್ಬರದು ಬಿಗಿ, ಒಬ್ಬರದು ಸಡಿಲ. ಪಕ್ಕದ ಮನೆಯವರ ಲೆಕ್ಕ ನಿಮಗೆ ಹೊಂದುವುದಿಲ್ಲ. ನಿಮ್ಮ ಕೈಯ ಲೆಕ್ಕ ನೀವೇ ಹಾಕಬೇಕು. ಇಲ್ಲಿ ನಾವು 120 ಎಂದು ಇಟ್ಟುಕೊಳ್ಳೋಣ.

ಹೆಣೆಯುವ ಕ್ರಮ

1. ಕಂದು ದಾರದಲ್ಲಿ 120 ಕುಣಿಕೆ ಹಾಕಿ. ತುಂಬಾ ಬಿಗಿ ಬೇಡ. ಎರಡು ಸಲ ಎಣಿಸಿ.

2. ಕಡ್ಡಿಯನ್ನು ಮೇಜಿನ ಮೇಲೆ ಇಡಿ. ಕುಣಿಕೆಗಳ ಗಂಟು ಗಂಟಾದ ಬುಡ ಎಲ್ಲಾ ಕಡೆ ಒಳಮುಖವಾಗಿ ಇದೆಯೇ ನೋಡಿ. ಎಲ್ಲಿಯೂ ವಯರಿಗೆ ಸುತ್ತಿಕೊಂಡಿರಬಾರದು.

ಈ ಜಾಗದಲ್ಲಿ ಅವಸರ ಬೇಡ. ನಾನು ಮೊದಲ ಸಲ ಹೆಣೆದಾಗ ಇದನ್ನು ನೋಡಲೇ ಇಲ್ಲ. 9 ಸುತ್ತು ಹೆಣೆದ ಮೇಲೆ ಎತ್ತಿ ಹಿಡಿದೆ. ಹಗ್ಗದ ಹಾಗೆ ತಿರುಚಿಕೊಂಡಿತ್ತು. ಎಳೆದೆ, ಬಗ್ಗಿಸಿದೆ, ಸರಿಹೋಗಲಿಲ್ಲ. 9 × 120 = 1,080 ಕುಣಿಕೆ ಬಿಚ್ಚಿದೆ. ಬೇರೆ ದಾರಿ ಇರಲಿಲ್ಲ.

3. ದಾರ ಇರುವ ತುದಿ ಬಲಗೈಯಲ್ಲಿ ಇರಲಿ. ಅದರ ಮೇಲೆ ಬೇರೆ ಬಣ್ಣದ ದಾರದ ಒಂದು ಉಂಗುರ ಹಾಕಿ. ಇದು ಸುತ್ತಿನ ಗುರುತು. ಈಗ ಎಡಗೈಯ ಕಡ್ಡಿಯಲ್ಲಿರುವ ಮೊದಲ ಕುಣಿಕೆಯನ್ನು ಹೆಣೆಯಿರಿ. ಸುತ್ತು ಕೂಡಿಕೊಂಡಿತು.

4. ಅಂಚು: 2 ಸೀದಾ, 2 ಉಲ್ಟಾ. ಹೀಗೇ ಸುತ್ತಲೂ. ಒಟ್ಟು 8 ಸುತ್ತು. ಈ ಅಂಚು ಇದ್ದರೆ ಮಫ್ಲರ್ ಸುರುಳಿ ಸುತ್ತಿಕೊಳ್ಳುವುದಿಲ್ಲ. ಇದಕ್ಕೆ ಕುಣಿಕೆಗಳನ್ನು 4ರಿಂದ ಭಾಗಿಸಿದರೆ ಶೇಷ ಉಳಿಯಬಾರದು. 120 ÷ 4 = 30. ಸರಿಯಾಯಿತು.

5. ಈಗ ಬರೀ ಸೀದಾ. ಒಂದು ಬಣ್ಣಕ್ಕೆ 10 ಸುತ್ತು. ಕಂದು 10, ಹಳದಿ 10, ಕನಕಾಂಬರ 10, ಹಸಿರು 10, ಕೆಂಪು 10. ಒಟ್ಟು 50 ಸುತ್ತು. ಒಂದೊಂದು ಸುತ್ತಿಗೂ ಚೀಟಿಯಲ್ಲಿ ಒಂದು ಗೀಟು ಹಾಕಿ. ಮಗು ಕರೆಯಿತು, ಹಾಲು ಉಕ್ಕಿತು ಎಂದು ಎದ್ದು ಹೋದರೂ ಲೆಕ್ಕ ತಪ್ಪುವುದಿಲ್ಲ.

6. ಬಣ್ಣ ಬದಲಿಸುವುದು ಗುರುತಿನ ಹತ್ತಿರ ಮಾತ್ರ. ಹಳೆಯ ದಾರವನ್ನು 15 ಸೆಂಟಿಮೀಟರ್ ಬಿಟ್ಟು ಕತ್ತರಿಸಿ. ಹೊಸ ಬಣ್ಣದಲ್ಲಿ ಒಂದು ಸುತ್ತು ಹೆಣೆಯಿರಿ. ಎರಡನೆಯ ಸುತ್ತಿನ ಮೊದಲ ಕುಣಿಕೆಯನ್ನು ಹೆಣೆಯದೆ ಹಾಗೇ ಬಲಗಡ್ಡಿಗೆ ದಾಟಿಸಿ. ಮುಂದಿನದೆಲ್ಲ ಹೆಣೆಯಿರಿ. ಹೀಗೆ ಮಾಡದಿದ್ದರೆ ಪಟ್ಟೆ ಕೂಡುವಲ್ಲಿ ಮೆಟ್ಟಿಲಿನ ಹಾಗೆ ಕಾಣುತ್ತದೆ. ಯಾಕೆಂದರೆ ನಾವು ಹೆಣೆಯುವುದು ಬಳೆಯ ಹಾಗೆ ಅಲ್ಲ, ಚಕ್ಕುಲಿಯ ಸುರುಳಿಯ ಹಾಗೆ ಸುತ್ತುತ್ತಾ ಮೇಲೆ ಹೋಗುತ್ತದೆ.

7. ಕೆಂಪು ದಾರದಲ್ಲೇ ಮತ್ತೆ 8 ಸುತ್ತು ಅಂಚು ಹೆಣೆಯಿರಿ.

8. ಮುಚ್ಚುವುದು: ಅಂಚಿನ ಕ್ರಮದಲ್ಲೇ ಎರಡು ಕುಣಿಕೆ ಹೆಣೆಯಿರಿ. ಮೊದಲನೆಯದನ್ನು ಎರಡನೆಯದರ ಮೇಲಿಂದ ದಾಟಿಸಿ ಬಿಡಿ. ಇನ್ನೊಂದು ಹೆಣೆಯಿರಿ, ಮತ್ತೆ ದಾಟಿಸಿ. ಸಡಿಲವಾಗಿ ಮುಚ್ಚಿ. ಬಿಗಿಯಾದರೆ ತಲೆ ತೂರುವುದಿಲ್ಲ. ಬಿಟ್ಟ ದಾರದ ತುದಿಗಳನ್ನು ಸೂಜಿಯಿಂದ ಒಳಮೈಯಲ್ಲಿ ಸೇರಿಸಿ.

ಎತ್ತರ ಸುಮಾರು 24 ಸೆಂಟಿಮೀಟರ್ ಬರುತ್ತದೆ. ಮಡಿಸಿದರೆ ಕೊರಳಿಗೆ, ಎಳೆದರೆ ಕಿವಿವರೆಗೆ.

ಎಚ್ಚರ

ಅಂಗಡಿಯಲ್ಲಿ ಉಲ್ಲನ್ ಅಂತ ಕೊಡುವ ದಾರ ಬಹಳ ಸಲ ಆಕ್ರಿಲಿಕ್. ಇದು ಕುರಿಯ ಉಣ್ಣೆಯಲ್ಲ. ಬೆಂಕಿ ತಾಗಿದರೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಮಫ್ಲರ್ ಹಾಕಿಕೊಂಡು ಒಲೆಯ ಮುಂದೆ ನಿಲ್ಲಬೇಡಿ. ಎಳೆಯ ಮಕ್ಕಳಿಗೆ ಇದನ್ನು ಹಾಕಿ ಮಲಗಿಸಬೇಡಿ. ತಣ್ಣೀರಿನಲ್ಲಿ ಒಗೆಯಿರಿ. ಹಿಂಡಬೇಡಿ. ನೆರಳಿನಲ್ಲಿ ಹರಡಿ ಒಣಗಿಸಿ.

ನಮ್ಮ ಕೈಗೆ ಬೆಲೆ ಎಷ್ಟು?

ಚೆನ್ನಾಗಿ ಹೆಣೆದರೆ ಯಾರಾದರೂ ಕೇಳಿಯೇ ಕೇಳುತ್ತಾರೆ. “ನನಗೂ ಒಂದು ಹಾಕ್ಕೊಡಿ ಅಕ್ಕಾ, ಎಷ್ಟಾಗತ್ತೆ?” ಆಗ ನಾವು ಏನು ಹೇಳುತ್ತೇವೆ? “ಅಯ್ಯೋ, ಉಲ್ಲನ್ ದುಡ್ಡು ಕೊಡಿ ಸಾಕು.” ಕೂತು ಮಾಡಿದ್ದು ಕೆಲಸವಲ್ಲವೇ?

ಲೆಕ್ಕ ಹಾಕೋಣ. 8 + 50 + 8 = 66 ಸುತ್ತು. 66 × 120 = 7,920 ಕುಣಿಕೆ. ನಿಮಿಷಕ್ಕೆ 15 ಕುಣಿಕೆ ಹೆಣೆದರೆ 528 ನಿಮಿಷ. ಅಂದರೆ ಸುಮಾರು 9 ಗಂಟೆ. ಹೊಲಕ್ಕೋ, ಗಾರೆ ಕೆಲಸಕ್ಕೋ ಹೋದರೆ ಇದು ಒಂದು ದಿನದ ಕೂಲಿಗಿಂತ ಹೆಚ್ಚು ಹೊತ್ತು. ಮನೆಯವರಿಗೆ ಪ್ರೀತಿಯಿಂದ ಕೊಡಿ, ಅದು ಬೇರೆ ಮಾತು. ಮಾರುವುದಾದರೆ ನಿಮ್ಮ ಹೊತ್ತಿಗೂ ಬೆಲೆ ಕಟ್ಟಿ. ಆ ಬೆಲೆ ಸಿಗದಿದ್ದರೆ ಹೆಣೆಯಬೇಕೋ ಬೇಡವೋ ಎಂದು ನೀವೇ ತೀರ್ಮಾನಿಸಿ. ಲೆಕ್ಕ ಗೊತ್ತಿದ್ದು ತೀರ್ಮಾನಿಸಿ.

ಬರೆಯಿರಿ, ಲೆಕ್ಕ ಮಾಡಿ

1. 10 ಸೆಂಟಿಮೀಟರಿಗೆ ನನ್ನ ಕುಣಿಕೆ: ........ × 6 = ........
2. ಉಲ್ಲನ್ ಬೆಲೆ: ರೂ. ........
3. ನಾನು ಹೆಣೆದ ಹೊತ್ತು: ........ ಗಂಟೆ
4. ಒಂದು ಗಂಟೆಗೆ ನನ್ನ ಕೂಲಿ: ರೂ. ........
5. ಗಂಟೆ × ಕೂಲಿ + ಉಲ್ಲನ್ ಬೆಲೆ = ಮಫ್ಲರಿನ ಬೆಲೆ: ರೂ. ........
6. ಸುತ್ತು ಕೂಡಿಸುವ ಮೊದಲು ಏನನ್ನು ನೋಡಬೇಕು? ಪಕ್ಕದವರಿಗೆ ಹೇಳಿ.