ಹೇಳಿಕೊಳ್ಳಲಾಗದ ಹೆಗಲುನೋವು

ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಮಿರ್ಜಾನದ ಕೇರಿಗಳಲ್ಲಿ ಮಾರುತ್ತ ಬರುವ ಹೆಂಗಸಿನ ನಡಿಗೆಯನ್ನು ನೋಡಿದ್ದೀರಾ? ಬೆನ್ನು ನೆಟ್ಟಗೆ, ಕುತ್ತಿಗೆ ನೆಟ್ಟಗೆ. ಬುಟ್ಟಿಯ ಭಾರ ಬೆನ್ನುಮೂಳೆಯ ಗುಂಟ ನೇರವಾಗಿ ಪಾದಕ್ಕಿಳಿಯುತ್ತದೆ. ಅದೇ ಬುಟ್ಟಿಯನ್ನು ಎದೆಯ ಮುಂದೆ ಹಿಡಿದು ನಡೆಯಬೇಕಾಗಿ ಬಂದರೆ ಸ್ವಲ್ಪ ದೂರದಲ್ಲೇ ಬೆನ್ನು ಸೋಲುತ್ತದೆ. ಭಾರ ಎಷ್ಟಿದೆ ಎಂಬುದರಷ್ಟೇ ಮುಖ್ಯ, ಅದು ಎಲ್ಲಿದೆ ಎಂಬುದು.

ಕೆಲವು ಹೆಣ್ಣುಮಕ್ಕಳಿಗೆ ಎದೆಯ ಭಾರ ಹುಟ್ಟುಗುಣದಿಂದಲೇ ಹೆಚ್ಚು. ಬೆಳಗಿನಿಂದ ರಾತ್ರಿಯವರೆಗೆ ಅದನ್ನು ಇಳಿಸಿಡುವಂತಿಲ್ಲ. "ಭುಜ ನೋಯ್ತು ಆಯಿ" ಎಂದು ಮಗಳು ಹೇಳಿದರೆ ಪುಸ್ತಕದ ಚೀಲವನ್ನು ಬೈದು, ಎಣ್ಣೆ ತಿಕ್ಕಿ ಮಲಗಿಸುವುದೇ ಮನೆಗಳಲ್ಲಿ ರೂಢಿ. ನಿಜವಾದ ಕಾರಣ ಇಬ್ಬರಿಗೂ ಗೊತ್ತಿರಬಹುದು, ಬಾಯಿಗೆ ಬರುವುದಿಲ್ಲ. ನಾಚಿಕೆಯಿಂದ ಹುಡುಗಿ ಆಟ ಬಿಡುತ್ತಾಳೆ, ಎದೆ ಮರೆಸಲು ಗೂನಾಗಿ ನಡೆಯುತ್ತಾಳೆ. ಅಲ್ಲಿಂದ ನೋವು ಇಮ್ಮಡಿಯಾಗುತ್ತದೆ.

ಹೇಗೆ? ಪಾಠದ ಸನ್ನೆಕೋಲನ್ನು ನೆನಪಿಸಿಕೊಳ್ಳಿ. ಬೆನ್ನುಮೂಳೆಯೇ ಇಲ್ಲಿ ಆಧಾರ ಬಿಂದು. ಬೆನ್ನಿನ ಸ್ನಾಯುಗಳು ಅದರ ಹಿಂದೆ ಸುಮಾರು 5 ಸೆಂಟಿಮೀಟರ್ ದೂರದಿಂದ ಎಳೆಯುತ್ತವೆ. ಮುಂದಿನ ಭಾರ 15 ಸೆಂಟಿಮೀಟರ್ ದೂರದಲ್ಲಿದೆ ಎಂದಿಟ್ಟುಕೊಂಡರೆ, 1 ಕಿಲೋ ಭಾರವನ್ನು ಸರಿದೂಗಿಸಲು ಸ್ನಾಯುಗಳು 3 ಕಿಲೋದಷ್ಟು ಎಳೆಯಬೇಕು. ಮೂಳೆಯ ಮೇಲೆ ಬೀಳುವುದು ಎರಡೂ ಸೇರಿ 4 ಕಿಲೋ. ಗೂನಾದಾಗ ಮುಂದಿನ ದೂರ ಹೆಚ್ಚುತ್ತದೆ, ಜೊತೆಗೆ ನಾಲ್ಕೈದು ಕಿಲೋ ತೂಗುವ ತಲೆಯೂ ಮುಂದಕ್ಕೆ ಬರುತ್ತದೆ. ಸಂಜೆಯ ಹೊತ್ತಿಗೆ ಕುತ್ತಿಗೆ, ಹೆಗಲು, ಮೇಲ್ಬೆನ್ನು ಸೆಟೆದು ನೋಯುವುದಕ್ಕೆ ಕಾರಣ ಇದು.

ಪರಿಹಾರ ಶುರುವಾಗಬೇಕಾದ್ದು ಒಳಉಡುಪಿನಿಂದ. ಭಾರವನ್ನು ಹೊರಬೇಕಾದ್ದು ಹೆಗಲಿನ ಪಟ್ಟಿಯಲ್ಲ, ಎದೆಯ ಕೆಳಗೆ ಸುತ್ತುವ ಪಟ್ಟಿ. ಅದು ಬೆನ್ನಿನಲ್ಲಿ ಮೇಲಕ್ಕೆ ಸರಿದರೆ ಸಡಿಲವೆಂದೇ ಅರ್ಥ. ಆಗ ಭಾರವೆಲ್ಲ ಹೆಗಲಿಗೆ ಜೋತುಬೀಳುತ್ತದೆ. ಸುತ್ತುಪಟ್ಟಿ ಮುಂದೆ ಹಿಂದೆ ಒಂದೇ ಮಟ್ಟದಲ್ಲಿದ್ದು, ಒಳಗೆ ಎರಡು ಬೆರಳು ಹೋಗುವಷ್ಟು ಬಿಗಿಯಿದ್ದರೆ ಸರಿ. ಹೆಗಲಿನ ಪಟ್ಟಿ ಅಗಲವಾಗಿರಲಿ. ಸಾಮಾನು ತುಂಬಿದ ಚೀಲದ ದಾರದ ಹಿಡಿ ಬೆರಳನ್ನು ಕೊರೆಯುತ್ತದೆ, ಅಗಲದ ಹಿಡಿ ಕೊರೆಯುವುದಿಲ್ಲ. 1 ಸೆಂಟಿಮೀಟರ್ ಪಟ್ಟಿಯನ್ನು ಎರಡೂವರೆ ಸೆಂಟಿಮೀಟರಿಗೆ ಅಗಲಿಸಿದರೆ ಅದೇ ಭಾರದ ಒತ್ತಡ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ.

ಅಳತೆಯಲ್ಲಿರುವ ಅಂಕಿ ಎದೆಯ ಕೆಳಗಿನ ಸುತ್ತಳತೆಯದು, ಅಕ್ಷರ ಕಪ್‌ನದು. ಬೇಕಾದ ಅಕ್ಷರ ಅಂಗಡಿಯಲ್ಲಿಲ್ಲವೆಂದು ದೊಡ್ಡ ಅಂಕಿಯದನ್ನು ಕೊಂಡರೆ ಸುತ್ತುಪಟ್ಟಿ ಸಡಿಲವಾಗಿ ಮತ್ತದೇ ಕಥೆ. ಅಂಗಡಿಯ ಗಂಡಸರೆದುರು ಬೆರಳು ತೋರಿಸಿ ಅವಸರದಲ್ಲಿ ಕಟ್ಟಿಸಿಕೊಂಡು ಬರುವ ಬದಲು, ತಾಯಿ ಮಗಳು ಮನೆಯಲ್ಲೇ ಟೇಪಿನಿಂದ ಅಳೆದು ಚೀಟಿಯಲ್ಲಿ ಬರೆದುಕೊಂಡು ಹೋಗಬಹುದು. ಬೆಳೆಯುವ ವಯಸ್ಸಿನಲ್ಲಿ ಅಳತೆ ಬದಲಾಗುತ್ತಿರುತ್ತದೆ. ಆಗಾಗ ಮತ್ತೆ ನೋಡಬೇಕು. ಕರಾವಳಿಯ ಸೆಕೆಗೆ ಹತ್ತಿಯ ಬಟ್ಟೆಯೇ ಒಳ್ಳೆಯದು. ಮಡಿಕೆಯಲ್ಲಿ ಬೆವರು ನಿಂತರೆ ಚರ್ಮ ಕೆಂಪಾಗಿ ತುರಿಸುತ್ತದೆ, ಆ ಜಾಗವನ್ನು ಒಣಗಿಸಿಟ್ಟುಕೊಳ್ಳಬೇಕು.

ಇನ್ನು ವ್ಯಾಯಾಮ. ಗೋಡೆಗೆ ಬೆನ್ನು ಕೊಟ್ಟು ನಿಂತು, ಹೆಗಲಿನ ಹಿಂದಿನ ಎರಡೂ ಎಲುಬಿನ ಹಲಗೆಗಳನ್ನು ಒಂದಕ್ಕೊಂದು ತಾಗಿಸುವಂತೆ ಹಿಂದಕ್ಕೆಳೆದು, ಐದು ಎಣಿಸಿ ಬಿಡುವುದು. ದಿನಕ್ಕೆರಡು ಸಲ, ಹತ್ತು ಹತ್ತು ಬಾರಿ. ಭುಜಂಗಾಸನವೂ ಬೆನ್ನಿಗೆ ಬಲ ಕೊಡುತ್ತದೆ. ಒಂದು ವಾರದಲ್ಲಿ ಫಲ ಕೇಳಬೇಡಿ. ಪುಸ್ತಕದ ಚೀಲ ಎರಡೂ ಹೆಗಲಿಗೆ ಇರಲಿ. ಕರ್ನಾಟಕ ಸರ್ಕಾರ 2019ರಲ್ಲಿ 9 ಮತ್ತು 10ನೇ ತರಗತಿಯ ಚೀಲಕ್ಕೆ 4ರಿಂದ 5 ಕಿಲೋ ಮಿತಿ ಹಾಕಿತು. ಈಗಾಗಲೇ ಮುಂದೊಂದು ಭಾರ ಹೊತ್ತಿರುವವಳಿಗೆ ಅದೂ ಕಡಿಮೆಯೇನಲ್ಲ.

ಮೈತೂಕ ಹೆಚ್ಚಿದ್ದವರಿಗೆ ತೂಕ ಇಳಿದರೆ ಸ್ವಲ್ಪ ಹಗುರಾದೀತು. ಆದರೆ ತೆಳ್ಳಗಿರುವವರಿಗೂ ಈ ತೊಂದರೆ ಉಂಟು. ಅವರು ಊಟ ಬಿಟ್ಟು ಪ್ರಯೋಜನವಿಲ್ಲ. ಎದೆ ಕರಗಿಸುತ್ತೇವೆಂದು ಜಾಹೀರಾತು ಕೊಡುವ ಎಣ್ಣೆ, ಕ್ರೀಮುಗಳಿಗೆ ಕೊಟ್ಟ ಹಣ ಮಾತ್ರ ಖಂಡಿತ ಕರಗುತ್ತದೆ.

ಇಷ್ಟಾದರೂ ನೋವು ನಿಲ್ಲದಿದ್ದರೆ, ಕೈಬೆರಳು ಜೋಮು ಹಿಡಿದರೆ, ಗಂಟು ಕೈಗೆ ಸಿಕ್ಕರೆ ಅಥವಾ ಕೆಲವೇ ತಿಂಗಳಲ್ಲಿ ಗಾತ್ರ ವಿಪರೀತ ಬೆಳೆದರೆ ವೈದ್ಯರನ್ನು ಕಾಣಲೇಬೇಕು. ಶಸ್ತ್ರಚಿಕಿತ್ಸೆಯಿಂದ ಭಾರ ಇಳಿಸುವುದೂ ಸಾಧ್ಯ. ರುಮೇನಿಯಾದ ಟೆನಿಸ್ ಆಟಗಾರ್ತಿ ಸಿಮೋನಾ ಹಾಲೆಪ್ 2009ರಲ್ಲಿ, 17ನೇ ವಯಸ್ಸಿನಲ್ಲಿ, ಬೆನ್ನುನೋವು ತಾಳಲಾರದೆ ಇದನ್ನು ಮಾಡಿಸಿಕೊಂಡರು. 2018ರಲ್ಲಿ ಫ್ರೆಂಚ್ ಓಪನ್, 2019ರಲ್ಲಿ ವಿಂಬಲ್ಡನ್ ಗೆದ್ದರು. ಆದರೆ ಸಾಮಾನ್ಯವಾಗಿ ಬೆಳವಣಿಗೆ ನಿಂತ ಮೇಲೆಯೇ ವೈದ್ಯರು ಇದಕ್ಕೆ ಒಪ್ಪುತ್ತಾರೆ. ಕಲೆ ಉಳಿಯುತ್ತದೆ, ಮುಂದೆ ಮಗುವಿಗೆ ಹಾಲೂಡಿಸಲು ತೊಡಕಾಗಬಹುದು. ಇದನ್ನು ಮಾಡುವವರು ಪ್ಲಾಸ್ಟಿಕ್ ಸರ್ಜನ್‌ಗಳು. ಮಣಿಪಾಲದಲ್ಲಿ ಆ ವಿಭಾಗವಿದೆ. ಮೊದಲು ಊರಿನ ವೈದ್ಯರ ಬಳಿ ಹೋದಾಗ "ಬೆನ್ನುನೋವು" ಎಂದಷ್ಟೇ ಹೇಳಿ ಮಾತ್ರೆ ತೆಗೆದುಕೊಂಡು ಬರಬಾರದು. ಹೆಗಲಿನಲ್ಲಿ ಪಟ್ಟಿ ಕೊರೆದ ಗುರುತಿದ್ದರೆ ಅದನ್ನೂ ತೋರಿಸಬೇಕು. ಮಗಳಿಗೆ ಬಾಯಿ ಬಾರದಿದ್ದರೆ ತಾಯಿ ಹೇಳಬಹುದು.