ಗೋಡೆಯೂ ಸೀಲಿಂಗೂ ಕೂಡುವಲ್ಲಿ

ನಮ್ಮ ಹಜಾರಕ್ಕೆ ಪಿಒಪಿ ಕಾರ್ನಿಸ್ ಕೂರಿಸಲು ಬಂದ ಕೆಲಸಗಾರ ಮೊದಲು ದಾರ ಬಿಚ್ಚಿದ. ನೀಲಿ ಪುಡಿ ಸವರಿ, ಗೋಡೆಯುದ್ದಕ್ಕೂ ಬಿಗಿದು, ಒಮ್ಮೆ ಮೀಟಿದ. ಗೆರೆ ಮೂಡಿತು. ಒಂದು ತುದಿಯಲ್ಲಿ ಸೀಲಿಂಗ್ ಆ ಗೆರೆಗಿಂತ ಅರ್ಧ ಇಂಚು ಕೆಳಗಿಳಿದಿತ್ತು. ಇಷ್ಟು ವರ್ಷ ಅಲ್ಲೇ ಕೂತೆದ್ದ ನಮಗೆ ಆ ಓರೆ ಕಂಡೇ ಇರಲಿಲ್ಲ.

ಕಾರ್ನಿಸ್‌ನ ಮೂಲ ಮನೆಯ ಹೊರಗಿದೆ. ಮಳೆನೀರು ಗೋಡೆ ನೆನೆಸದಂತೆ ದೂರಕ್ಕೆ ಬೀಳಿಸುವ ಚಾಚು ಅದು. ಗ್ರೀಕ್ ದೇಗುಲಗಳ ಕಾರ್ನಿಸ್ ಕೆಳಗೆ ಹಲ್ಲಿನ ಸಾಲಿನಂತಿರುವ ಕಲ್ಲುಗಳು ಹಿಂದಿನ ಮರದ ಜಂತಿಗಳ ತುದಿಯನ್ನೇ ಹೋಲುತ್ತವೆ ಎಂದು ರೋಮಿನ ವಿಟ್ರೂವಿಯಸ್ ಎರಡು ಸಾವಿರ ವರ್ಷಗಳ ಹಿಂದೆಯೇ ಬರೆದಿದ್ದ. ಪಟ್ಟದಕಲ್ಲಿನ ಗುಡಿಗಳಲ್ಲಿ ಗೋಡೆಯ ಮೇಲೆ ಬಾಗಿ ಇಳಿಯುವ ಕಪೋತವನ್ನು ನೋಡಿ. ಕಲ್ಲಾದರೂ ಹುಲ್ಲಿನ ಸೂರು ನೆನಪಾಗುತ್ತದೆ. ಒಳಗೆ ಮಳೆಯಿಲ್ಲ. ಅಲ್ಲಿ ಕಾರ್ನಿಸ್‌ಗೆ ಸಿಕ್ಕ ಕೆಲಸ, ಬಿರುಕು ಬಿಡುವ ಸಂದನ್ನು ಮುಚ್ಚುವುದು.

ಆ ಕೆಲಸಕ್ಕೆ ಹೇಳಿ ಮಾಡಿಸಿದಂತೆ ಒದಗಿದ್ದು ಪ್ಯಾರಿಸ್ಸಿನ ಮೊಂಮಾರ್ತ್ ಗುಡ್ಡದ ಜಿಪ್ಸಂ. ಈ ಕಲ್ಲನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಒಳಗಿನ ನೀರಿನ ಮುಕ್ಕಾಲು ಪಾಲು ಹಾರಿಹೋಗಿ ಪ್ಲಾಸ್ಟರ್ ಆಫ್ ಪ್ಯಾರಿಸ್, ಅಂದರೆ ನಮ್ಮ ಪಿಒಪಿಯ ಬಿಳಿ ಪುಡಿ ಉಳಿಯುತ್ತದೆ. ನೀರು ಬೆರೆಸಿದರೆ, ಕಳೆದುಕೊಂಡದ್ದನ್ನು ಹೀರಿಕೊಂಡು ನಿಮಿಷಗಳಲ್ಲೇ ಮತ್ತೆ ಕಲ್ಲಾಗುತ್ತದೆ. ಹಾಗೆ ಬಿಗಿಯುವಾಗ ಕುಗ್ಗುವುದಿಲ್ಲ, ಕೂದಲೆಳೆಯಷ್ಟು ಉಬ್ಬುತ್ತದೆ. ಅಚ್ಚಿನ ಸಣ್ಣ ಗೀರೂ ಅದರಲ್ಲಿ ಮೂಡುವುದು ಇದರಿಂದಲೇ. ನನಗೆ ಇದು ಇಂದಿಗೂ ಅಚ್ಚರಿ.

ಹಿಂದೆ ಗಾರೆಯವರು ಹಸಿ ಗಾರೆಯನ್ನು ಗೋಡೆಗೇ ಮೆತ್ತಿ, ಅಂಚು ಕೊರೆದ ಲೋಹದ ತಗಡನ್ನು ಅದರ ಮೇಲೆ ಮತ್ತೆ ಮತ್ತೆ ಎಳೆದು ಏರಿಳಿತ ಮೂಡಿಸುತ್ತಿದ್ದರು. ಏಣಿಯ ಮೇಲೆ ನಿಂತು, ತಲೆಯೆತ್ತಿ, ದಿನವಿಡೀ. 1856ರಲ್ಲಿ ಫ್ರಾನ್ಸಿನ ದೆಸಾಶಿ ಇಂಗ್ಲೆಂಡಿನಲ್ಲಿ ಪಡೆದ ಪೇಟೆಂಟ್ ಈ ಕಷ್ಟವನ್ನು ನೆಲಕ್ಕಿಳಿಸಿತು: ಬಟ್ಟೆ ಸೇರಿಸಿ ಕಾರ್ಖಾನೆಯಲ್ಲೇ ತೆಳ್ಳಗೆ ಎರಕ ಹೊಯ್ದು, ತಂದು ಮೇಲೆ ಬಿಗಿಯುವುದು. ನಮ್ಮಲ್ಲಿ ಬಟ್ಟೆಯ ಜಾಗಕ್ಕೆ ತೆಂಗಿನ ನಾರು ಬಂದಿದೆ. ಜಿಪ್ಸಂ ಹೆಚ್ಚಾಗಿ ರಾಜಸ್ಥಾನದ್ದು.

ಒಂಬತ್ತು ಅಡಿ ಎತ್ತರದ ಕೋಣೆಗೆ ಹೂಬಳ್ಳಿ ತುಂಬಿದ ಅಗಲ ಪಟ್ಟಿ ಬೇಡ. ಸೀಲಿಂಗ್ ತಲೆಯ ಮೇಲೆ ಕೂತಂತಾಗುತ್ತದೆ. ನಾವು ಮೂರು ಇಂಚಿನ, ಎರಡೇ ಗೀರಿನ ಪಟ್ಟಿ ಆರಿಸಿದೆವು.

ಕಷ್ಟವೆಲ್ಲ ಮೂಲೆಯದು. ಎರಡು ಪಟ್ಟಿಗಳನ್ನು 45 ಡಿಗ್ರಿಗೆ ಕೊಯ್ದರೆ ಲೆಕ್ಕದಲ್ಲಿ ಕೂಡಬೇಕು, ಆದರೆ ಮೂಲೆಗಳು 90 ಡಿಗ್ರಿ ಇರಬೇಕಲ್ಲ! ಕೆಲಸಗಾರ ತುಂಡುಗಳನ್ನು ಹಿಡಿದು ನೋಡಿದ, ಇಳಿಸಿದ, ಗರಗಸದಿಂದ ಒಂದೆಳೆ ಸವೆಸಿದ, ಮತ್ತೆ ಹಿಡಿದ. ಉಳಿದ ಸಂದಿಗೆ ಅಂಗೈಯಲ್ಲೇ ಪಿಒಪಿ ಕಲಸಿ ಹೆಬ್ಬೆರಳಿಂದ ಒತ್ತಿದ. ಬಿಗಿಯುತ್ತಿದ್ದ ಗಾರೆ ಬೆಚ್ಚಗಾಗಿದೆ ಎಂದು ನನ್ನ ಬೆರಳನ್ನೂ ತಾಗಿಸಿ ತೋರಿಸಿದ. ಒದ್ದೆ ಕುಂಚ ಎಳೆದ ಮೇಲೆ ಎರಡು ಗೀರುಗಳೂ ಮೂಲೆಯಲ್ಲಿ ತಿರುಗಿ ಮುಂದೆ ಹೋದವು. ಅರ್ಧ ಇಂಚಿನ ಓರೆ ಪಟ್ಟಿಯ ಹಿಂದೆ ಇದ್ದೇ ಇದೆ.