ಉಪಗ್ರಹ ಹೇಳಿದ ಮೀನು ನಾಡದೋಣಿಗೆ ಎಟುಕೀತೇ?

ಮಲ್ಪೆಯಿಂದ ಉಡುಪಿಗೆ ಬರುವ ಬಸ್ಸು ಆದಿ ಉಡುಪಿ ದಾಟುವುದರೊಳಗೆ ಮೀನಿನ ಮಾತು ಬಾರದೆ ಇರುವುದಿಲ್ಲ. ಬಂಗುಡೆಗೆ ಇವತ್ತು ರೇಟು ಎಷ್ಟು, ಭೂತಾಯಿ ಬಂತೇ, ಅಂಜಲ್ ಮುಟ್ಟಲಿಕ್ಕೆ ಉಂಟೇ ಎಂಬಲ್ಲಿಂದ ಶುರುವಾಗಿ ಮಗಳ ಮದುವೆಯ ಸಾಲದವರೆಗೂ ಮಾತು ಹೋಗುತ್ತದೆ. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಮೀನು ಬಿದ್ದ ವಾರ ಪೇಟೆಯ ಜವಳಿ ಅಂಗಡಿಯಲ್ಲೂ ಗಿರಾಕಿ ಕಾಣುತ್ತಾರೆ. ಮೀನಿಲ್ಲದ ವಾರ ಜಿನಸು ಅಂಗಡಿಯ ಸಾಲದ ಪುಸ್ತಕ ದಪ್ಪವಾಗುತ್ತದೆ. ಇದು ಅಂಗಡಿ ಇಟ್ಟವರಿಗೆ ಯಾರೂ ಹೇಳಿಕೊಡಬೇಕಾದ ಸಂಗತಿ ಅಲ್ಲ.

ಮೊನ್ನೆ ಅದೇ ಬಸ್ಸಿನಲ್ಲಿ ಒಬ್ಬ ಹುಡುಗ ಪಕ್ಕದ ಹಿರಿಯರಿಗೆ ಮೊಬೈಲ್ ತೋರಿಸಿದ. "ನೋಡಿ ಅಜ್ಜ, ಮೀನು ಎಲ್ಲಿ ಉಂಟು ಅಂತ ಹೈದರಾಬಾದಿನವರು ಹೇಳಿದ್ದಾರೆ."

"ಹೈದರಾಬಾದಿನಲ್ಲಿ ಸಮುದ್ರ ಉಂಟಾ ಮಗಾ?"

ಸುತ್ತಲಿನವರು ನಕ್ಕರು. ಅಜ್ಜ ನಗಲಿಲ್ಲ. ಹುಡುಗ ಓದಿ ಹೇಳಿದ ದೂರವನ್ನು ಕೇಳಿಸಿಕೊಂಡು ಇನ್ನೊಂದು ಪ್ರಶ್ನೆ ಹಾಕಿದರು: "ಅಷ್ಟು ದೂರ ನಮ್ಮ ದೋಣಿ ಹೋಗಿ ಬರುತ್ತದಾ?"

ಹುಡುಗನ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ. ಆ ಪ್ರಶ್ನೆಯನ್ನೇ ಹಿಡಿದುಕೊಂಡು ಧಕ್ಕೆಯಲ್ಲಿ ನಾಲ್ಕು ದಿನ ಸುತ್ತಾಡಿದ್ದರ ಫಲ ಈ ಬರಹ.

ಆಕಾಶದಿಂದ ಮೀನು ಕಾಣುವುದೇ?

ಹೈದರಾಬಾದಿನಲ್ಲಿ ಸಮುದ್ರ ಇಲ್ಲ ನಿಜ. ಆದರೆ 1999ರಿಂದ ಅಲ್ಲಿ ಕೇಂದ್ರ ಸರಕಾರದ ಸಾಗರ ಮಾಹಿತಿ ಕೇಂದ್ರ ಉಂಟು. 'ಇನ್‌ಕಾಯಿಸ್' ಎಂದು ಕರೆಯುತ್ತಾರೆ. ಉಪಗ್ರಹದಿಂದ ಬಂದ ಚಿತ್ರಗಳನ್ನು ನೋಡಿ, ಮೀನು ಸಿಗಬಹುದಾದ ಜಾಗ ಇದು ಎಂದು ಇಲ್ಲಿಂದಲೇ ಕರಾವಳಿಗಳಿಗೆ ತಿಳಿಸುತ್ತಾರೆ. ಕನ್ನಡದಲ್ಲೂ ತಿಳಿಸುತ್ತಾರೆ.

ಉಪಗ್ರಹಕ್ಕೆ ಮೀನು ಕಾಣುವುದಿಲ್ಲ. ಅದಕ್ಕೆ ಕಾಣುವುದು ನೀರಿನ ಬಿಸಿ ಮತ್ತು ನೀರಿನ ಬಣ್ಣ. ಕಡಲಿನಲ್ಲಿ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಹಸಿರು ಜೀವಿಗಳು ತೇಲುತ್ತಿರುತ್ತವೆ. ಅವು ದಟ್ಟವಾದಲ್ಲಿ ನೀರಿನ ಬಣ್ಣ ಬದಲಾಗುತ್ತದೆ. ಅವನ್ನು ತಿನ್ನಲು ಸಣ್ಣ ಹುಳಗಳು, ಹುಳ ತಿನ್ನಲು ಸಣ್ಣ ಮೀನು, ಸಣ್ಣ ಮೀನಿನ ಹಿಂದೆ ದೊಡ್ಡ ಮೀನು. ಬಿಸಿ ನೀರು, ತಂಪು ನೀರು ಕೂಡುವ ಗೆರೆಯಲ್ಲೂ ಮೀನು ಸೇರುವುದು ಹೆಚ್ಚು. ಈ ಎರಡನ್ನೂ ಕೂಡಿಸಿ ಲೆಕ್ಕ ಹಾಕಿ, ಇಂಥ ಬಂದರಿನಿಂದ ಇಂಥ ದಿಕ್ಕಿಗೆ, ಇಷ್ಟು ಕಿಲೋಮೀಟರು, ಆಳ ಇಷ್ಟು ಎಂದು ಹೇಳುತ್ತಾರೆ. ಅಕ್ಷಾಂಶ, ರೇಖಾಂಶವನ್ನೂ ಕೊಡುತ್ತಾರೆ. ಪಿಯುಸಿ ಅರ್ಧಕ್ಕೆ ಬಿಟ್ಟ ನನಗೆ ಅಕ್ಷಾಂಶ ಎಂದರೆ ಏನೆಂದು ಸರಿಯಾಗಿ ತಲೆಗೆ ಹೋದದ್ದು ಈ ನಾಲ್ಕು ದಿನಗಳಲ್ಲಿ. ಕಲಿಸಿದವರು ಮೇಷ್ಟ್ರಲ್ಲ, ಒಬ್ಬ ತಾಂಡೇಲ.

ನೀರಿನ ಬಣ್ಣ ನೋಡಿ, ಹಕ್ಕಿ ಎರಗುವುದನ್ನು ನೋಡಿ ಬಲೆ ಬಿಡುವುದು ನಮ್ಮ ಮೊಗವೀರರಿಗೆ, ಖಾರ್ವಿಗಳಿಗೆ ಹೊಸತಲ್ಲ. ಉಪಗ್ರಹ ಅದನ್ನೇ ಹೆಚ್ಚು ಎತ್ತರದಿಂದ ಮಾಡುತ್ತದೆ, ಅಷ್ಟೆ. ಇದರಿಂದ ಲಾಭ ಇಲ್ಲವೆಂದು ಯಾರೂ ಹೇಳುವುದಿಲ್ಲ. ಮೀನು ಹುಡುಕುತ್ತಾ ಸುತ್ತುವುದು ಕಡಿಮೆಯಾದರೆ ಡೀಸೆಲ್ ಉಳಿಯಿತು. ಡೀಸೆಲೇ ಇವತ್ತು ಬೋಟಿನವರ ದೊಡ್ಡ ಖರ್ಚು.

ಆದರೆ ಅಜ್ಜನ ಪ್ರಶ್ನೆ ಹಾಗೇ ಉಳಿಯಿತು. ಸುದ್ದಿ ಎಲ್ಲರಿಗೂ ಒಂದೇ, ಎಂಜಿನ್ ಎಲ್ಲರದ್ದೂ ಒಂದೇ ಅಲ್ಲ. ಆಳಸಮುದ್ರದ ಟ್ರಾಲ್ ಬೋಟು ಐಸು, ಡೀಸೆಲ್, ಅಕ್ಕಿ ತುಂಬಿಸಿಕೊಂಡು ಹತ್ತು ಹನ್ನೆರಡು ದಿನ ಕಡಲಿನಲ್ಲೇ ಇರುತ್ತದೆ. ನಾಡದೋಣಿಯವನು ಬೆಳಿಗ್ಗೆ ಹೋದರೆ ಮಧ್ಯಾಹ್ನದ ಹೊತ್ತಿಗೆ ದಡ ಕಾಣಬೇಕು.

ಇನ್ನೊಂದು ಸೂಕ್ಷ್ಮ ಉಂಟು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆ ನಿಷೇಧ. ಆಗ 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ಮಾತ್ರ ಕಡಲಿಗೆ ಇಳಿಯಲು ಅವಕಾಶ. ಅಂದರೆ ನಾಡದೋಣಿಯವನ ದುಡಿಮೆಯ ಕಾಲವೇ ಮಳೆಗಾಲ. ಆ ನಿಷೇಧದ ಸಮಯದಲ್ಲಿ ಹೈದರಾಬಾದಿನ ಸೂಚನೆ ಹೊರಡುವುದಿಲ್ಲ. ಮೋಡ ಕವಿದರೆ ಉಪಗ್ರಹದ ಕಣ್ಣಿಗೂ ತೆರೆ ಬೀಳುತ್ತದೆ. ಬಡವನ ಸೀಸನ್ನಿನಲ್ಲಿ ಆಕಾಶ ಮಾತಾಡುವುದಿಲ್ಲ ಎಂದ ಹಾಗಾಯಿತು.

ರಂಪಣಿಯ ಹಳೆಯ ಗಾಯ

ಹೊಸತು ಎಂದ ಕೂಡಲೇ ನಮ್ಮ ಕಡಲತಡಿಯ ಹಿರಿಯರು ಯಾಕೆ ಹಿಂದೆ ಸರಿಯುತ್ತಾರೆ? ಹಳ್ಳಿಗರು, ಓದಿಲ್ಲ ಎಂದು ಕೆಲವು ಬುದ್ಧಿವಂತರು ಹೇಳುವುದುಂಟು. ಅದು ಸುಳ್ಳು. ಅವರು ಒಮ್ಮೆ ಕಂಡು ಉಂಡವರು.

1970ರ ದಶಕದ ನಡುವಿನವರೆಗೆ ಈ ತಡಿಯಲ್ಲಿ ರಂಪಣಿಯ ರಾಜ್ಯ. ಹತ್ತಾರು ಮನೆಗಳು ಸೇರಿ ಒಂದು ದೊಡ್ಡ ಬಲೆ. ದೋಣಿಯಲ್ಲಿ ಒಯ್ದು ಸುತ್ತು ಹಾಕಿ, ಎರಡೂ ತುದಿಯನ್ನು ದಡದಿಂದ ಎಳೆಯುವುದು. ಬಂದ ಮೀನಿನಲ್ಲಿ ಬಲೆಗೆ ಪಾಲು, ದೋಣಿಗೆ ಪಾಲು, ಎಳೆಯಲು ಕೈ ಕೊಟ್ಟವನಿಗೂ ಪಾಲು. ಆಗ ಬಂತು ಪರ್ಸೀನ್. ಎಲೆಅಡಿಕೆ ಸಂಚಿಯ ಬಾಯಿಗೆ ದಾರ ಎಳೆದ ಹಾಗೆ ಬಲೆಯ ತಳವನ್ನು ನಡುಕಡಲಿನಲ್ಲೇ ಕಟ್ಟಿಬಿಡುವ ವಿದ್ಯೆ. ಭೂತಾಯಿ, ಬಂಗುಡೆಯ ಹಿಂಡು ದಡಕ್ಕೆ ಬರುವ ಮೊದಲೇ ಬೋಟು ಸೇರಿತು. ಕೆಲವೇ ವರ್ಷಗಳಲ್ಲಿ ರಂಪಣಿಗಳು ಒಂದೊಂದಾಗಿ ಮಡಚಿದವು. ಜಗಳವಾಯಿತು, ಪ್ರತಿಭಟನೆಯಾಯಿತು. ಕೊನೆಗೆ ರಂಪಣಿಯವರಲ್ಲೇ ಕೆಲವರು ಗುಂಪು ಕಟ್ಟಿ ಸಾಲ ತೆಗೆದು ತಾವೂ ಪರ್ಸೀನಿಗೆ ಇಳಿದರು. ಸಾಲ ಹುಟ್ಟದವರು ಇನ್ನೊಬ್ಬರ ಬೋಟಿನಲ್ಲಿ ಕೂಲಿಗೆ ನಿಂತರು.

ಪರ್ಸೀನ್ ಕೆಟ್ಟ ವಿದ್ಯೆ ಎಂದು ಈ ಲೇಖಕ ಹೇಳುವುದಿಲ್ಲ. ಅದರಿಂದ ಬದುಕು ಕಟ್ಟಿಕೊಂಡ ಮನೆಗಳು ಊರಿನಲ್ಲಿ ಎಷ್ಟೋ ಉಂಟು. ತಪ್ಪಾದದ್ದು ಎಲ್ಲಿ ಎಂದರೆ, ವಿದ್ಯೆ ಬಂದಾಗ ಪಾಲಿನ ಮಾತು ಬರಲಿಲ್ಲ. ರಂಪಣಿ ಎಳೆಯುತ್ತಿದ್ದವರ ಗತಿ ಏನು ಎಂಬ ಪ್ರಶ್ನೆ ಬಲೆ ಬಿಟ್ಟ ನಂತರ ಎದ್ದಿತು, ಮೊದಲು ಏಳಲಿಲ್ಲ.

ಕಲಿಸಿದ್ದು ನಿಂತಿತು, ಕಲಿಸದ್ದು ಓಡಿತು

ಕೊಚ್ಚಿಯಲ್ಲಿ 1957ರಿಂದ ಮೀನುಗಾರಿಕೆ ತಂತ್ರಜ್ಞಾನದ ಕೇಂದ್ರ ಸಂಸ್ಥೆ ಉಂಟು. ಅವರು ಟ್ರಾಲ್ ಬಲೆಯ ತುದಿಚೀಲಕ್ಕೆ ಚದರ ಕಣ್ಣಿನ ಬಲೆ ಹಾಕಿ ಎಂದು ಹೇಳುತ್ತಾ ಬಂದಿದ್ದಾರೆ. ಕಾರಣ ಸುಲಭ. ಮಾಮೂಲು ಬಲೆಯ ಕಣ್ಣು ಎಳೆಯುವಾಗ ಬಿಗಿದು ಮುಚ್ಚಿಕೊಳ್ಳುತ್ತದೆ, ಬೆರಳುದ್ದದ ಮರಿಯೂ ತಪ್ಪಿಸಿಕೊಳ್ಳಲಾರದು. ಚದರ ಕಣ್ಣು ಎಳೆದರೂ ತೆರೆದೇ ಇರುತ್ತದೆ. ಮರಿ ಹೊರಗೆ ಹೋಗುತ್ತದೆ, ಬೆಳೆದ ಮೀನು ಒಳಗೆ ಉಳಿಯುತ್ತದೆ.

ಇಷ್ಟು ಒಳ್ಳೆಯದಾದರೆ ಎಲ್ಲರೂ ಹಾಕಬೇಕಲ್ಲ? ಧಕ್ಕೆಯಲ್ಲಿ ಸಿಕ್ಕಿದ ಉತ್ತರ ಇದು: "ನಾನು ಬಿಟ್ಟ ಮರಿಯನ್ನು ಹಿಂದಿನ ಬೋಟಿನವ ಹಿಡಿಯುತ್ತಾನೆ ಮಾರಾಯ್ರೆ. ಫಿಶ್‌ಮೀಲಿನವರು ಅದಕ್ಕೂ ದುಡ್ಡು ಕೊಡುತ್ತಾರೆ. ನಾನೊಬ್ಬ ಹರಿಶ್ಚಂದ್ರ ಆಗಿ ಎಂತ ಮಾಡುವುದು?"

ಅಂಗಡಿಯವರಿಗೆ ಇದು ಬೇಗ ಅರ್ಥವಾಗುತ್ತದೆ. ಪೇಟೆಯಲ್ಲಿ ಎಲ್ಲರ ತೂಕದ ಬಟ್ಟಿಗೂ ಮುದ್ರೆ ಬಿದ್ದರೆ ಮಾತ್ರ ಸರಿತೂಕದವನು ಬದುಕುತ್ತಾನೆ. ಬಲೆಯ ಕಣ್ಣೂ ಹಾಗೆಯೇ. ಒಬ್ಬರಿಗೆ ಉಪದೇಶ ಮಾಡಿದರೆ ಸಾಲದು, ಎಲ್ಲರಿಗೂ ಒಂದೇ ದಿನ ಒಂದೇ ಕಟ್ಟಳೆ ಆಗಬೇಕು.

ಇನ್ನೊಂದು ಕಡೆ ನೋಡಿ. ರಾತ್ರಿ ಕಡಲಿನಲ್ಲಿ ಜನರೇಟರ್ ಹಚ್ಚಿ, ಕಣ್ಣು ಕೋರೈಸುವ ದೀಪ ಬಿಟ್ಟು, ಬೆಳಕಿಗೆ ಮುತ್ತಿದ ಮೀನನ್ನು ಮರಿಸಮೇತ ಬಾಚುವ ಲೈಟ್ ಫಿಶಿಂಗ್. ಇದಕ್ಕೆ ತರಬೇತಿ ಶಿಬಿರ ಬೇಕಾಗಲಿಲ್ಲ, ಭಾಷಣ ಬೇಕಾಗಲಿಲ್ಲ. ಬೋಟಿನಿಂದ ಬೋಟಿಗೆ ಹಬ್ಬಿತು. ಕೇಂದ್ರ ಸರಕಾರ 2017ರ ನವೆಂಬರಿನಲ್ಲಿ ಇದನ್ನೂ ಬುಲ್ ಟ್ರಾಲನ್ನೂ ನಿಷೇಧಿಸಿತು. ಆ ಮೇಲೆಯೂ ನಾಡದೋಣಿಯವರು ಇದೇ ದೂರು ಹಿಡಿದುಕೊಂಡು ಕಚೇರಿ ಮೆಟ್ಟಿಲು ಹತ್ತಿದ್ದಾರೆ. ಇವತ್ತೇ ಕಾಸು ಕಾಣುವ ವಿದ್ಯೆ ತಾನಾಗಿ ಓಡುತ್ತದೆ. ನಾಳೆಗೆ ಮೀನು ಉಳಿಸುವ ವಿದ್ಯೆಯನ್ನು ಕೈಹಿಡಿದು ನಡೆಸಬೇಕು.

ಏಳು ಮನೆಗಳು ಕಾದ ಸುದ್ದಿ

ಮೀನು ಹೋಗಲಿ, ಜೀವದ ಮಾತಿಗೆ ಬರೋಣ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟಿನ ಜತೆ ಏಳು ಮಂದಿ ಕಾಣೆಯಾದದ್ದನ್ನು ಈ ಊರು ಮರೆತಿಲ್ಲ. ಅವರು ಎಲ್ಲಿ, ಏನಾದರು ಎಂದು ಏಳು ಮನೆಯವರು ತಿಂಗಳುಗಟ್ಟಲೆ ಕಾದರು. ಹೆದ್ದಾರಿಯಲ್ಲಿ ಸಾವಿರಾರು ಮೀನುಗಾರರು ಕೂತು ಕೇಳಿದರು. 2019ರ ಮೇ ತಿಂಗಳಿನಲ್ಲಿ ನೌಕಾಪಡೆಯವರು ಮಹಾರಾಷ್ಟ್ರದ ಮಾಲ್ವಣ ಕಡಲಿನ ತಳದಲ್ಲಿ ಬೋಟಿನ ಅವಶೇಷ ಕಂಡರು.

ದಡ ಬಿಟ್ಟು ಹತ್ತು ಹನ್ನೆರಡು ಕಿಲೋಮೀಟರು ಹೋದರೆ ಮೊಬೈಲಿಗೆ ಸಿಗ್ನಲ್ ಇಲ್ಲ. ಅದಕ್ಕೇ 2019ರ ಅಕ್ಟೋಬರಿನಲ್ಲಿ 'ಜೆಮಿನಿ' ಎಂಬ ಸಾಧನ ತಂದರು. ಇದು ಉಪಗ್ರಹದ ಮೂಲಕ ಗಾಳಿಮಳೆಯ ಎಚ್ಚರಿಕೆಯನ್ನೂ ಮೀನಿನ ಸೂಚನೆಯನ್ನೂ ಕಡಲಿನಲ್ಲಿರುವ ಮೊಬೈಲಿಗೆ ಮುಟ್ಟಿಸುತ್ತದೆ. ಆದರೆ ಬೋಟಿನಿಂದ ಮರುಮಾತು ಹೇಳಲು ಅದರಲ್ಲಿ ದಾರಿ ಇರಲಿಲ್ಲ. 2024ರ ಆಗಸ್ಟ್ 30ರಂದು ಮಹಾರಾಷ್ಟ್ರದ ಪಾಲ್ಘರಿನಲ್ಲಿ ಪ್ರಧಾನಿಯವರು ಉದ್ಘಾಟಿಸಿದ ಯೋಜನೆಯಲ್ಲಿ ಅದೂ ಉಂಟು. ಇಸ್ರೋ ರೂಪಿಸಿದ ಟ್ರಾನ್ಸ್‌ಪಾಂಡರನ್ನು 364 ಕೋಟಿ ರೂಪಾಯಿ ವೆಚ್ಚದಲ್ಲಿ 1 ಲಕ್ಷ ಬೋಟುಗಳಿಗೆ ಉಚಿತವಾಗಿ ಹಾಕುವುದು ಅದರ ಗುರಿ. ಆಪತ್ತಿನಲ್ಲಿ ಗುಂಡಿ ಒತ್ತಿದರೆ ದಡಕ್ಕೆ ಸುದ್ದಿ ಮುಟ್ಟುತ್ತದೆ.

ಜೀವ ಉಳಿಸುವ ಪೆಟ್ಟಿಗೆ, ಅದೂ ಪುಕ್ಕಟೆ. ಆದರೂ ಅಳುಕು ಉಂಟು. ತಾಂಡೇಲನಿಗೆ ತನ್ನ ಮೀನಿನ ಜಾಗ ಎಂದರೆ ಅಕ್ಕಸಾಲಿಗನ ಗುಟ್ಟಿನ ಹಾಗೆ. ನನ್ನ ಬೋಟು ಎಲ್ಲಿ ನಿಂತಿದೆ ಎಂದು ದಡದಲ್ಲಿ ಯಾರೋ ನೋಡುತ್ತಾ ಕೂತರೆ ಆ ಗುಟ್ಟು ಉಳಿಯುತ್ತದೆಯೇ ಎಂಬುದು ಅವನ ಭಯ. ಯಾರು ನೋಡುತ್ತಾರೆ, ಯಾರು ನೋಡುವುದಿಲ್ಲ ಎಂದು ಅವನಿಗೆ ಎದುರು ಕೂತು ಹೇಳಬೇಕು. ಬೋಟಿನಲ್ಲಿ ದುಡಿಯುವವರಲ್ಲಿ ಆಂಧ್ರದವರು, ಒಡಿಶಾದವರು, ತಮಿಳುನಾಡಿನವರು ಉಂಟು. ಗುಂಡಿ ಯಾವುದು ಎಂದು ಅವರ ಭಾಷೆಯಲ್ಲೂ ಹೇಳಬೇಕು. ಬೋಟು ಮಗುಚುವಾಗ ಗುಂಡಿಯ ಹತ್ತಿರ ಇರುವವನು ಮಾಲಿಕನೇ ಆಗಿರಬೇಕೆಂದಿಲ್ಲ.

ಉಪ್ಪುಂದದಲ್ಲಿ ಆದದ್ದು

ಎಲ್ಲವೂ ದೂರಿನ ಕತೆಯಲ್ಲ. ಬೈಂದೂರು ಬಳಿಯ ಉಪ್ಪುಂದಕ್ಕೆ ಹೋಗಿ ನೋಡಿ. ಮಂಗಳೂರಿನಲ್ಲಿರುವ ಕೇಂದ್ರೀಯ ಸಮುದ್ರ ಮೀನು ಸಂಶೋಧನಾ ಸಂಸ್ಥೆಯವರು ಅಲ್ಲಿನ ನಾಡದೋಣಿ ಮೀನುಗಾರರ ಜತೆ ಸೇರಿ ಪಂಜರದಲ್ಲಿ ಮೀನು ಸಾಕುವುದನ್ನು ಆರಂಭಿಸಿದರು. ನಡುಕಡಲಿನ ದೊಡ್ಡ ಪಂಜರ ಬಡವನ ಕೈಗೆ ಎಟುಕುವ ವಸ್ತು ಅಲ್ಲ. ಆದ್ದರಿಂದ ಅಳಿವೆಯ ಶಾಂತ ನೀರಿಗೆ ಸರಿಹೋಗುವಂತೆ, ಕಬ್ಬಿಣದ ಪೈಪು, ತೇಲಲು ಪ್ಲಾಸ್ಟಿಕ್ ಡ್ರಮ್ಮು ಹಾಕಿ ಅಗ್ಗದ ಸಣ್ಣ ಪಂಜರ ಬಂತು. ಬಲೆ ಹೆಣೆಯುವ ಕೆಲಸ ಮೀನುಗಾರನಿಗೆ ಮೊದಲೇ ಬರುತ್ತದೆ. ದಿನಾ ಹಿಡಿಯುವುದರಲ್ಲಿ ಬೆಲೆ ಬಾರದ ಚಿಲ್ಲರೆ ಮೀನೇ ಪಂಜರದ ಮೀನಿಗೆ ಆಹಾರ.

ಇಲ್ಲಿ ವಿದ್ಯೆಯೇ ತಗ್ಗಿ ದೋಣಿಯವನ ಅಳತೆಗೆ ಬಂತು. ದೋಣಿಯವನು ವಿದ್ಯೆಯ ಅಳತೆಗೆ ಸಾಲ ಮಾಡಿ ಏರಬೇಕಾಗಲಿಲ್ಲ. ಬಸ್ಸಿನ ಅಜ್ಜನ ಪ್ರಶ್ನೆಗೆ ನನಗೆ ಸಿಕ್ಕಿದ ಅರ್ಧ ಉತ್ತರ ಇದು.

ಬುಟ್ಟಿ ಹೊತ್ತವರನ್ನು ಕೇಳಿದವರು ಯಾರು?

ಉಳಿದರ್ಧ ದಡದಲ್ಲೇ ಉಂಟು. ಮೀನು ದಡಕ್ಕೆ ಬಂದ ಮೇಲೆ ಅದನ್ನು ಏಲಂನಲ್ಲಿ ಹಿಡಿದು, ಬುಟ್ಟಿಯಲ್ಲಿ ಹೊತ್ತು, ಮನೆ ಮನೆಗೆ ಮುಟ್ಟಿಸಿ, ಉಳಿದದ್ದನ್ನು ಉಪ್ಪು ಹಾಕಿ ಒಣಗಿಸುವವರು ಹೆಂಗಸರು. ಮರಳಿನ ಮೇಲೆ ಹರಡಿದ ಮೀನಿಗೆ ಧೂಳು, ನೊಣ, ಕಾಗೆ, ನಡುವೆ ಒಂದು ಮಳೆ. ಕೊಚ್ಚಿಯ ಸಂಸ್ಥೆಯವರು ಬಿಸಿಲಿನಿಂದಲೇ ನಡೆಯುವ ಒಣಗಿಸುವ ಪೆಟ್ಟಿಗೆಗಳನ್ನು ಮಾಡಿದ್ದಾರೆ. ಶುಚಿಯಾದ ಒಣಮೀನಿಗೆ ಬೆಲೆಯೂ ಹೆಚ್ಚು. ಆದರೆ ಮೀನುಗಾರಿಕೆಯ ಸಭೆ ಎಂದರೆ ಬೋಟು ಮಾಲಿಕರ ಸಭೆ ಎಂದೇ ರೂಢಿಯಾಗಿಬಿಟ್ಟಿದೆ. ನಾನು ಮಾತಾಡಿಸಿದ ಮೀನು ಮಾರುವ ಅಕ್ಕ ಒಬ್ಬರು ಕೇಳಿದ್ದು ಇಷ್ಟೆ: "ಮೀಟಿಂಗ್ ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟರೆ ನಾವು ಮಾರುವುದು ಯಾವಾಗ?"

ಆಗಬೇಕಾದದ್ದು ದೊಡ್ಡದೇನಲ್ಲ. ಎಕ್ಕೂರಿನಲ್ಲಿ ಬಸ್ಸಿನಿಂದಲೇ ಕಾಣುವ ಮೀನುಗಾರಿಕಾ ಕಾಲೇಜು 1969ರಿಂದ ಉಂಟು, ಮಂಗಳೂರು ಕಾರವಾರಗಳಲ್ಲಿ ಸಂಶೋಧಕರು ಉಂಟು, ಇಲಾಖೆ ಉಂಟು. ಸಭೆಗಳನ್ನು ಹೋಟೆಲಿನ ತಂಪು ಕೋಣೆಯಿಂದ ಧಕ್ಕೆಗೆ, ಅಳಿವೆಗೆ ತನ್ನಿ. ಮೀನು ಮಾರಿ ಮುಗಿದ ಸಂಜೆ ಇಡಿ. ಹೊಸತು ಬರುವ ಮೊದಲೇ ಅದರಿಂದ ಯಾರಿಗೆ ಲಾಭ, ಯಾರ ಪಾಲು ಹೋಗುತ್ತದೆ ಎಂದು ಬಾಯಿಬಿಟ್ಟು ಹೇಳಿ. ಹೇಳಿದ ಮೇಲೆ ಅರ್ಧ ಗಂಟೆ ಅವರ ಮಾತನ್ನೂ ಕೇಳಿ. ನೀರಿನ ಬಣ್ಣ ಓದುವುದನ್ನು ಉಪಗ್ರಹಕ್ಕಿಂತ ಮೊದಲು ಕಲಿತವರು ಅವರು.

ಮೊನ್ನೆ ಬಸ್ಸಿನಲ್ಲಿ ಅಜ್ಜ ಇಳಿಯುವಾಗ ಹುಡುಗನ ಭುಜ ತಟ್ಟಿ ಹೇಳಿದರು: "ದಡದ ಹತ್ತಿರ ಎಲ್ಲಿಯಾದರೂ ಮೀನು ಉಂಟು ಅಂತ ಬಂದರೆ ನನಗೂ ಒಂದು ಮಾತು ಹೇಳು ಮಗಾ." ಅವರಿಗೆ ಹೊಸತು ಬೇಡವೆಂದಲ್ಲ. ತನಗೂ ಎಟುಕುವಂಥದ್ದು ಬೇಕು, ಅಷ್ಟೆ. ಸಂಬಂಧಪಟ್ಟವರು ಇದನ್ನು ಕೇಳಿಸಿಕೊಂಡರೆ ಸಾಕು.